ಆನ್‌ಲೈನ್ ಅರ್ಜಿ ನಮೂನೆಯಲ್ಲಿ ವಿವರಗಳು ತಾವಾಗಿಯೇ ಮೂಡುವ ಬಗೆ: ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಜಾಲತಾಣದಲ್ಲಿ ಅರ್ಜಿ ಭರ್ತಿ ಮಾಡುವಾಗ ಜಿಲ್ಲೆಯನ್ನು ಆಯ್ಕೆ ಮಾಡಿದೊಡನೆ ಆ ಜಿಲ್ಲೆಯ ತಾಲ್ಲೂಕುಗಳು, ಬಳಿಕ ಹೋಬಳಿಗಳು, ಅನಂತರ ಗ್ರಾಮಗಳ ಪಟ್ಟಿ ಕಾಣಿಸಿಕೊಳ್ಳುತ್ತದೆ. ಪುಟವು ಮಾತ್ರ ಬದಲಾಗುವುದಿಲ್ಲ. ಈ ವಿವರಗಳು ಸಾಮಾನ್ಯವಾಗಿ ಅರ್ಜಿದಾರರ ಗಣಕಯಂತ್ರದಲ್ಲಿ ಇರುವುದಿಲ್ಲ. ಆಯ್ಕೆ ಮಾಡಿದಾಗಲೆಲ್ಲ ದೂರದ ಸರ್ವರ್‌ನಿಂದ ಬರುತ್ತವೆ. ಈ ವಿಧಾನವನ್ನು ಅರಿತರೆ ಶುಲ್ಕವನ್ನು ಎರಡು ಬಾರಿ ಪಾವತಿಸುವುದನ್ನೂ ಕೊನೆಯ ದಿನಾಂಕ ತಪ್ಪುವುದನ್ನೂ ತಡೆಯಬಹುದು.

ಕಾರ್ಯವಿಧಾನ

ಪುಟದೊಂದಿಗೆ ಜಾವಾಸ್ಕ್ರಿಪ್ಟ್ ಭಾಷೆಯ ಕಿರು ಆದೇಶಗಳು ಬ್ರೌಸರ್‌ಗೆ ಬಂದಿರುತ್ತವೆ. ಇವುಗಳನ್ನು ಸ್ಕ್ರಿಪ್ಟ್ ಎನ್ನಲಾಗುತ್ತದೆ. ಅರ್ಜಿದಾರರು ತಾಲ್ಲೂಕನ್ನು ಆಯ್ಕೆ ಮಾಡಿದಾಗ ಸ್ಕ್ರಿಪ್ಟ್ ಹಿನ್ನೆಲೆಯಲ್ಲಿ ಕೋರಿಕೆಯೊಂದನ್ನು ಕಳುಹಿಸುತ್ತದೆ. ಸರ್ವರ್‌ನಲ್ಲಿರುವ ವೆಬ್ ಸೇವೆಯು ಇಡೀ ಪುಟವನ್ನು ಕಳುಹಿಸದೆ, ಕೇಳಿದಷ್ಟೇ ದತ್ತಾಂಶವನ್ನು ಎಕ್ಸ್‌ಎಂಎಲ್ ಅಥವಾ ಜೆಸನ್ ರೂಪದಲ್ಲಿ ಹಿಂದಿರುಗಿಸುತ್ತದೆ. 1999ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5ರೊಂದಿಗೆ ಈ ಸೌಲಭ್ಯವು ಬ್ರೌಸರ್‌ಗೆ ಬಂದಿತು. 2005ರಲ್ಲಿ ಈ ಪದ್ಧತಿಗೆ ‘ಅಜಾಕ್ಸ್’ ಎಂಬ ಹೆಸರು ರೂಢಿಗೆ ಬಂದಿತು.

ಬ್ರೌಸರ್ ವಿಧಿಸುವ ನಿರ್ಬಂಧ

ಒಂದು ಜಾಲತಾಣದ ಸ್ಕ್ರಿಪ್ಟ್ ಮತ್ತೊಂದು ಜಾಲತಾಣದ ಉತ್ತರವನ್ನು ಓದಲು ಬ್ರೌಸರ್ ಸಾಮಾನ್ಯವಾಗಿ ಬಿಡುವುದಿಲ್ಲ. ಈ ನಿಯಮ ಇಲ್ಲದಿದ್ದರೆ, ಬ್ಯಾಂಕಿನ ಜಾಲತಾಣಕ್ಕೆ ಲಾಗಿನ್ ಆಗಿರುವ ನಾಗರಿಕರ ಖಾತೆಯ ವಿವರಗಳನ್ನು ಬೇರೊಂದು ಪುಟವು ಅವರಿಗೆ ತಿಳಿಯದಂತೆ ಓದಿಕೊಳ್ಳಲು ಅವಕಾಶವಾಗುತ್ತಿತ್ತು. ಒಂದು ಇಲಾಖೆಯ ಪುಟಕ್ಕೆ ಮತ್ತೊಂದು ಇಲಾಖೆಯ ದಾಖಲೆ ನೇರವಾಗಿ ಬರಬೇಕಾದಲ್ಲಿ, ದಾಖಲೆ ನೀಡುವ ಸರ್ವರ್ ಆ ಪುಟಕ್ಕೆ ಅನುಮತಿ ಇದೆಯೆಂದು ತನ್ನ ಉತ್ತರದಲ್ಲಿಯೇ ತಿಳಿಸಬೇಕಾಗುತ್ತದೆ. ಇದಕ್ಕೆ ಸಂಬಂಧಿಸಿದ ‘ಕೋರ್ಸ್’ ಎಂಬ ಮಾನದಂಡವನ್ನು ಡಬ್ಲ್ಯು3ಸಿ ಸಂಸ್ಥೆಯು 2014ರ ಜನವರಿಯಲ್ಲಿ ಅಂಗೀಕರಿಸಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಉತ್ತರವು ಪರದೆಗೆ ಬರಲಿಲ್ಲವೆಂದ ಮಾತ್ರಕ್ಕೆ ಕೋರಿಕೆ ತಲುಪಲಿಲ್ಲವೆಂದು ಅರ್ಥವಲ್ಲ. ಬ್ರೌಸರ್ ಉತ್ತರವನ್ನು ತಡೆದಿರಬಹುದು ಅಥವಾ ಸಂಪರ್ಕವು ಮಾರ್ಗಮಧ್ಯೆ ಕಡಿದಿರಬಹುದು. ಸರ್ವರ್‌ನಲ್ಲಿ ಕೆಲಸ ಆಗಿಯೇ ಇರಬಹುದು.

ಅರ್ಜಿದಾರರು ಪಾಲಿಸಬೇಕಾದ ಕ್ರಮಗಳು

1. ಪಟ್ಟಿ ಖಾಲಿಯಾಗಿ ಕಂಡಲ್ಲಿ ದಾಖಲೆಯೇ ಇಲ್ಲವೆಂದು ಭಾವಿಸಬಾರದು. ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್ ಚಾಲನೆಯಲ್ಲಿದೆಯೇ ಎಂದು ಪರಿಶೀಲಿಸಿ, ಸ್ವಲ್ಪ ಸಮಯದ ನಂತರ ಪುನಃ ಪ್ರಯತ್ನಿಸತಕ್ಕದ್ದು.

2. ಶುಲ್ಕ ಪಾವತಿಯ ಗುಂಡಿಯನ್ನು ಒತ್ತಿದ ನಂತರ ಉತ್ತರ ಬಾರದಿದ್ದಲ್ಲಿ ಮತ್ತೊಮ್ಮೆ ಒತ್ತಬಾರದು. ಮೊದಲು ಬ್ಯಾಂಕ್ ಖಾತೆಯಿಂದ ಹಣ ಕಡಿತವಾಗಿದೆಯೇ ಎಂಬುದನ್ನೂ ಅರ್ಜಿಯ ಸ್ಥಿತಿಯನ್ನೂ ಪರಿಶೀಲಿಸತಕ್ಕದ್ದು.

3. ತಾನಾಗಿಯೇ ಮೂಡಿದ ಹೆಸರು, ಸರ್ವೆ ನಂಬರ್ ಮುಂತಾದ ವಿವರಗಳನ್ನು ಮೂಲ ದಾಖಲೆಯೊಂದಿಗೆ ಹೋಲಿಸಿ ನೋಡತಕ್ಕದ್ದು. ಸ್ಕ್ರಿಪ್ಟ್ ದಾಖಲೆಯಲ್ಲಿರುವುದನ್ನು ತರುತ್ತದೆಯೇ ಹೊರತು ತಪ್ಪನ್ನು ತಿದ್ದುವುದಿಲ್ಲ. ತಿದ್ದುಪಡಿಗಾಗಿ ಆ ದಾಖಲೆಯನ್ನು ನಿರ್ವಹಿಸುವ ಕಚೇರಿಯನ್ನು ಸಂಪರ್ಕಿಸತಕ್ಕದ್ದು.

4. ನಮೂನೆ ಭರ್ತಿಯಾದ ಮಾತ್ರಕ್ಕೆ ಅರ್ಜಿ ಸಲ್ಲಿಕೆಯಾದಂತೆ ಅಲ್ಲ. ಸ್ವೀಕೃತಿ ಸಂಖ್ಯೆಯೇ ಸಲ್ಲಿಕೆಗೆ ಆಧಾರ. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಯ ಸೇವೆಗಳಲ್ಲಿ ಅರ್ಜಿಯ ಸ್ಥಿತಿಯನ್ನು ತಿಳಿಯಲು ಈ ಸಂಖ್ಯೆಯು ಅವಶ್ಯಕ. ಆದ್ದರಿಂದ ಅದನ್ನು ಬರೆದಿಟ್ಟುಕೊಂಡು, ಸ್ವೀಕೃತಿಯನ್ನು ಮುದ್ರಿಸಿಕೊಂಡ ನಂತರವೇ ಪುಟವನ್ನು ಮುಚ್ಚತಕ್ಕದ್ದು.