ಪೆಟ್ಟಿನ ಬಲ ಎಲ್ಲಿಗೆ ಹೋಗುತ್ತದೆ?

1954ರ ಡಿಸೆಂಬರ್ 10ರಂದು ಅಮೆರಿಕದ ನ್ಯೂ ಮೆಕ್ಸಿಕೋದ ಹಾಲೊಮನ್ ವಾಯುನೆಲೆಯಲ್ಲಿ ಜಾನ್ ಪಾಲ್ ಸ್ಟ್ಯಾಪ್ ಎಂಬ ವಾಯುಪಡೆಯ ವೈದ್ಯರು ಹಳಿಯ ಮೇಲೋಡುವ ರಾಕೆಟ್ ಬಂಡಿಯಲ್ಲಿ ಕೂತು ಗಂಟೆಗೆ 1,017 ಕಿಲೋಮೀಟರ್ ವೇಗ ಮುಟ್ಟಿದರು. ಆ ವೇಗದಿಂದ ಬಂಡಿ ಪೂರ್ತಿ ನಿಲ್ಲಲು ಹಿಡಿದದ್ದು ಬರೀ 1.4 ಸೆಕೆಂಡು. ಅವರ ಮೈ ತಡೆದುಕೊಂಡ ಗರಿಷ್ಠ ಬಲ ಸ್ವಂತ ತೂಕದ 46 ಪಟ್ಟು, ಅಂದರೆ 46 ಜಿ. ಕಣ್ಣಿನ ರಕ್ತನಾಳಗಳು ಒಡೆದು ಕೆಲಕಾಲ ದೃಷ್ಟಿ ಹೋಯಿತು. ಆದರೆ ದೃಷ್ಟಿ ಮರಳಿತು, ಅವರು 89 ವರ್ಷ ಬದುಕಿದರು. ಮನುಷ್ಯನ ದೇಹಕ್ಕೆ 18 ಜಿಗಿಂತ ಹೆಚ್ಚು ತಾಳುವ ಶಕ್ತಿಯಿಲ್ಲ ಎಂದು ಅದುವರೆಗೆ ನಂಬಿದ್ದವರಿಗೆ ಅವರ ಪ್ರಯೋಗಗಳು ಬೇರೆಯೇ ಉತ್ತರ ಕೊಟ್ಟವು. ಮೈಯನ್ನು ಗಟ್ಟಿ ಮೂಳೆಗಳ ಮೇಲೆ, ಅಗಲವಾದ ಪಟ್ಟಿಗಳಿಂದ, ಅಲುಗದಂತೆ ಬಿಗಿದು ಕಟ್ಟಿದರೆ ಅದು ನಾವು ಎಣಿಸಿದ್ದಕ್ಕಿಂತ ಎಷ್ಟೋ ಹೆಚ್ಚಿನ ಪೆಟ್ಟನ್ನು ತಾಳುತ್ತದೆ.

ರೇಸಿನ ಕಾರುಗಳಲ್ಲಿ ಚಾಲಕನನ್ನು ಸೀಟಿಗೆ ಬಿಗಿಯುವ ಹಾರ್ನೆಸ್ ಎಂಬ ಪಟ್ಟಿಗಳ ಜೋಡಣೆ ನಿಂತಿರುವುದು ಈ ಅರಿವಿನ ಮೇಲೆ. ಆದರೆ ಹಾರ್ನೆಸ್ ಕೊಳ್ಳುವವರಲ್ಲಿ ಹೆಚ್ಚಿನವರು ಕೇಳುವುದು ಪಟ್ಟಿ ಎಷ್ಟು ಗಟ್ಟಿ, ಯಾವ ಕಂಪನಿ, ಯಾವ ಬಣ್ಣ ಎಂದು. ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಪೆಟ್ಟು ಬಿದ್ದಾಗ ಆ ಬಲ ನನ್ನ ಮೈಯ ಯಾವ ಭಾಗದಿಂದ ಹೊರಟು, ಯಾವ ದಾರಿಯಲ್ಲಿ ಸಾಗಿ, ಕಾರಿನ ಯಾವ ಕಬ್ಬಿಣಕ್ಕೆ ಹೋಗಿ ಸೇರುತ್ತದೆ?

ಹಗುರ ಕಾರಿನಲ್ಲಿ ಈ ಪ್ರಶ್ನೆ ಇನ್ನಷ್ಟು ಗಂಭೀರ. ಕಾಲಿನ್ ಚಾಪ್‌ಮನ್ 1957ರಲ್ಲಿ ಹೊರತಂದ ಲೋಟಸ್ ಸೆವೆನ್ ಕಾರಿನ ಹಕ್ಕನ್ನು 1973ರಲ್ಲಿ ಕೇಟರಮ್ ಕಂಪನಿ ಪಡೆಯಿತು. ಇಂದಿಗೂ ಅದೇ ಆಕಾರದಲ್ಲಿ ತಯಾರಾಗುತ್ತಿರುವ ಈ ತೆರೆದ ಕಾರಿನ ತೂಕ ಸುಮಾರು 500 ಕಿಲೋ. 2021ರಲ್ಲಿ ಬಂದ ಅತಿ ಹಗುರ ಮಾದರಿಯದು 440 ಕಿಲೋ. ಬ್ರಿಟನ್ನಿನ ಟ್ರ್ಯಾಕುಗಳಲ್ಲಿ ವಾರಾಂತ್ಯಕ್ಕೆ ಬರುವ ಹವ್ಯಾಸಿಗಳಿಗೆ ಇದು ಬಹಳ ಅಚ್ಚುಮೆಚ್ಚು. ಚುರುಕಾಗಿ ತಿರುಗುತ್ತದೆ, ಬೇಗ ನಿಲ್ಲುತ್ತದೆ, ಟೈರು ಕಡಿಮೆ ಸವೆಯುತ್ತದೆ. ಆದರೆ ಡಿಕ್ಕಿಯಲ್ಲಿ ಹಗುರತನ ವರವಲ್ಲ. ನಿಂತಿರುವ 500 ಕಿಲೋ ಕಾರಿಗೆ 1,500 ಕಿಲೋ ತೂಕದ ಕಾರು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಗುದ್ದಿ, ಎರಡೂ ಅಂಟಿಕೊಂಡು ಮುಂದೆ ಸಾಗಿದವು ಎನ್ನಿ. ಎರಡರ ವೇಗವೂ 30 ಆಗುತ್ತದೆ. ಭಾರದ ಕಾರಿನವನಿಗೆ ಆದ ಬದಲಾವಣೆ 10, ಹಗುರ ಕಾರಿನವನಿಗೆ 30. ತಡೆಗೋಡೆಯ ವಿಷಯದಲ್ಲೂ ಹೀಗೇ. ಟೈರಿನ ರಾಶಿ ಅಷ್ಟೇ ಬಲದಿಂದ ಎದುರೊತ್ತಿದರೂ ಕಡಿಮೆ ತೂಕದ ಕಾರು ಬೇಗನೆ, ಕಡಿಮೆ ದೂರದಲ್ಲಿ ನಿಂತುಬಿಡುತ್ತದೆ. ಜೊತೆಗೆ ಮುಂಭಾಗ ಪುಟ್ಟದು, ಜಜ್ಜಿಹೋಗಿ ಪೆಟ್ಟನ್ನು ನುಂಗಲು ಜಾಗವೇ ಇಲ್ಲ. ಉಳಿದ ಕೆಲಸವೆಲ್ಲ ಪಟ್ಟಿಗಳ ಪಾಲು.

ಒಂದು ಸಣ್ಣ ಲೆಕ್ಕ ಹಾಕೋಣ. ಕಾರು ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ, ಅಂದರೆ ಸೆಕೆಂಡಿಗೆ 15 ಮೀಟರಿನಂತೆ ಬಂದು ಗೋಡೆಗೆ ಬಡಿದು, ಅರ್ಧ ಮೀಟರ್ ಜಜ್ಜಿ ನಿಲ್ಲುತ್ತದೆ. ಸರಾಸರಿ 23 ಜಿ. ಚಾಲಕನ ತೂಕ 70 ಕಿಲೋ ಆದರೆ ಪಟ್ಟಿಗಳು ಹಿಡಿಯಬೇಕಾದದ್ದು ಸುಮಾರು 1,600 ಕಿಲೋ ಭಾರ. ಇಷ್ಟೆಲ್ಲ ನಡೆಯುವುದು ಒಂದು ಸೆಕೆಂಡಿನ ಹದಿನೈದನೇ ಒಂದು ಭಾಗದಲ್ಲಿ.

ಈಗ ಅದೇ ಬೆಲ್ಟಿನಲ್ಲಿ 5 ಸೆಂಟಿಮೀಟರ್ ಸಡಿಲ ಇತ್ತೆನ್ನಿ. ನಾಲ್ಕು ಬೆರಳು ತೂರುವಷ್ಟು ಎಡೆಯೂ ಅಲ್ಲ. ಕಾರು ಆಗಲೇ ನಿಧಾನವಾಗುತ್ತಿದ್ದರೂ ಆ ಸಡಿಲ ಮುಗಿಯುವವರೆಗೆ ಚಾಲಕ ಹಳೆಯ ವೇಗದಲ್ಲೇ ಮುಂದಕ್ಕೆ ಹೋಗುತ್ತಿರುತ್ತಾನೆ. ಅಷ್ಟರಲ್ಲಿ, ಜಜ್ಜಲು ಇದ್ದ ಅರ್ಧ ಮೀಟರಿನಲ್ಲಿ ಅರ್ಧಕ್ಕಿಂತ ಹೆಚ್ಚು ಮುಗಿದಿರುತ್ತದೆ. ಬೆಲ್ಟ್ ಹಿಗ್ಗುವುದನ್ನು ಬದಿಗಿಟ್ಟು ಲೆಕ್ಕ ಹಾಕಿದರೆ ಅವನ ಮೈಮೇಲೆ ಬೀಳುವುದು 23 ಅಲ್ಲ, ಹತ್ತಿರ ಹತ್ತಿರ 50 ಜಿ. ಕೆಟ್ಟು ನಿಂತ ಕಾರನ್ನು ಹಗ್ಗ ಕಟ್ಟಿ ಎಳೆಯುವ ಲಾರಿ ಡ್ರೈವರ್ ಹಗ್ಗ ಬಿಗಿಯಾಗುವ ತನಕ ಮೆಲ್ಲಗೆ ಸಾಗುವುದೂ ಇದೇ ಕಾರಣಕ್ಕೆ. ಸಡಿಲ ಹಗ್ಗವನ್ನು ಜಗ್ಗಿದರೆ ಅದು ಹರಿಯುತ್ತದೆ. ರೇಸಿನ ಪಟ್ಟಿಗಳನ್ನು ಉಸಿರು ಸ್ವಲ್ಪ ಕಟ್ಟುವಷ್ಟು ಬಿಗಿಯಲು ಹೇಳುವುದು ಸುಮ್ಮನೆ ಅಲ್ಲ. ಹೆಚ್ಚು ಹಿಗ್ಗುವ ನೈಲಾನಿಗಿಂತ ಕಡಿಮೆ ಹಿಗ್ಗುವ ಪಾಲಿಯೆಸ್ಟರ್ ಪಟ್ಟಿಯನ್ನು ಇಂದು ಮೆಚ್ಚುವುದಕ್ಕೂ ಇದೇ ಕಾರಣ.

ಬಲ ಮೊದಲು ಹೊರಡಬೇಕಾದದ್ದು ಸೊಂಟದಿಂದ. ಸೊಂಟದ ಎರಡೂ ಬದಿಯಲ್ಲಿ ಕೈಗೆ ಸಿಗುವ ಮೂಳೆಯ ಏಣು ಇದೆಯಲ್ಲ, ಅದು ನಮ್ಮ ಮೈಯ ಗಟ್ಟಿ ಜಾಗಗಳಲ್ಲೊಂದು. ಸೊಂಟದ ಪಟ್ಟಿ ಅದಕ್ಕಿಂತ ಕೆಳಗೆ, ತೊಡೆಯ ಸಂದಿಗೆ ಹತ್ತಿರ ಕೂರಬೇಕು. ಮೇಲೆ ಸರಿದು ಹೊಟ್ಟೆಯ ಮೇಲೆ ಕೂತರೆ 1,600 ಕಿಲೋ ಬಲದಲ್ಲಿ ಬಹುಪಾಲು ಕರುಳು, ಗುಲ್ಮ, ಯಕೃತ್ತಿನ ಮೇಲೆ ಬೀಳುತ್ತದೆ. ಕಾರಿಗೆ ನಾಲ್ಕು ಕಡೆ ಕಟ್ಟುವ, ನಾಲ್ಕು ಬಿಂದುಗಳ ಹಾರ್ನೆಸ್ಸಿನ ದೋಷ ಇಲ್ಲಿದೆ. ಅದರಲ್ಲಿ ಭುಜದ ಎರಡು ಪಟ್ಟಿಗಳು ಕೆಳಗೆ ಸೊಂಟದ ಬಕಲ್‌ಗೆ ಸೇರುತ್ತವೆ. ಮೈ ಮುಂದಕ್ಕೆ ನುಗ್ಗಿದಾಗ ಭುಜದ ಪಟ್ಟಿಗಳು ಬಕಲನ್ನು ಮೇಲಕ್ಕೆ ಎಳೆಯುತ್ತವೆ, ಸೊಂಟದ ಪಟ್ಟಿ ಹೊಟ್ಟೆಗೇರುತ್ತದೆ, ಸೊಂಟ ಅದರ ಅಡಿಯಲ್ಲಿ ನುಸುಳಿ ಮುಂದಕ್ಕೆ ಜಾರುತ್ತದೆ. ನೋಡಲು ರೇಸಿನ ಬೆಲ್ಟ್, ಆದರೆ ಮನೆಯ ಕಾರಿನ ಸಾಮಾನ್ಯ ಬೆಲ್ಟಿಗಿಂತ ಕೆಟ್ಟ ಗಾಯ ಮಾಡಬಲ್ಲದು. ಜರ್ಮನಿಯ ಶ್ರೋತ್ ಕಂಪನಿ ಒಂದು ಭುಜದ ಪಟ್ಟಿ ಸ್ವಲ್ಪ ಹೆಚ್ಚು ಹಿಗ್ಗುವಂತೆ ಮಾಡಿ, ಮೈ ಕೊಂಚ ಓರೆಯಾಗಿ ತಿರುಗಿ ಸೊಂಟ ನುಸುಳದಂತೆ ತಡೆಯುವ ನಾಲ್ಕು ಬಿಂದುವಿನ ಬೆಲ್ಟ್ ತಂದಿದೆ. ಬುದ್ಧಿವಂತಿಕೆಯ ಉಪಾಯ ಅದು. ಆದರೂ ಟ್ರ್ಯಾಕಿಗೆಂದೇ ಕಟ್ಟಿದ ಹಗುರ ಕಾರಿಗೆ ನನ್ನ ಆಯ್ಕೆ ಆರು ಬಿಂದುಗಳದೇ. ತೊಡೆಗಳ ನಡುವಿನಿಂದ ಹಾದುಹೋಗುವ ಎರಡು ಪಟ್ಟಿಗಳು ಬಕಲನ್ನು ಕೆಳಗೇ ಹಿಡಿದಿಡುತ್ತವೆ. ಕಟ್ಟಿಕೊಳ್ಳುವಾಗ ಮೊದಲು ಸೊಂಟದ ಪಟ್ಟಿ ಬಿಗಿಯಬೇಕು, ಭುಜದ್ದು ಕೊನೆಗೆ. ಈ ಕ್ರಮ ತಪ್ಪಿದರೆ ಆರು ಬಿಂದುವಿನ ಬೆಲ್ಟೂ ಹೊಟ್ಟೆಗೇರಬಹುದು.

ಭುಜದ ಪಟ್ಟಿ ಹಿಂದಕ್ಕೆ ಯಾವ ಕೋನದಲ್ಲಿ ಹೋಗುತ್ತದೆ ಎಂಬುದನ್ನು ಹಗುರ ಕಾರಿನಲ್ಲಿ ಎರಡು ಸಲ ನೋಡಬೇಕು. ಇಂಥ ಕಾರುಗಳು ತಗ್ಗು. ಪಟ್ಟಿ ಕಟ್ಟುವ ಬಿಂದು ಎತ್ತರದ ಚಾಲಕನ ಭುಜಕ್ಕಿಂತ ಬಹಳ ಕೆಳಗೆ ಉಳಿದುಬಿಡುತ್ತದೆ. ಪಟ್ಟಿ ಭುಜದಿಂದ 45 ಡಿಗ್ರಿ ಕೆಳಕ್ಕೆ ಇಳಿದರೆ ಅದರ ಎಳೆತದಲ್ಲಿ ಶೇಕಡ 70 ಬೆನ್ನೆಲುಬನ್ನು ಮೇಲಿಂದ ಅದುಮುತ್ತದೆ. 10 ಡಿಗ್ರಿ ಇಳಿದರೆ ಅದುಮುವುದು ಶೇಕಡ 17 ಮಾತ್ರ. ಅಂತರರಾಷ್ಟ್ರೀಯ ಮೋಟಾರು ಒಕ್ಕೂಟವಾದ ಎಫ್‌ಐಎ 45 ಡಿಗ್ರಿಯನ್ನು ಮೀರಬಾರದ ಮಿತಿಯೆಂದಿಟ್ಟು, 10 ಡಿಗ್ರಿಯನ್ನು ಮೀರದಿದ್ದರೆ ಒಳ್ಳೆಯದೆಂದು ಹೇಳುವುದಕ್ಕೆ ಆಧಾರ ಈ ಗಣಿತ. ಅಗ್ಗದ ಕಿಟ್ ಕೊಂಡು, ಹಿಂದಿನ ಸೀಟಿನ ಬೆಲ್ಟಿನ ಬೋಲ್ಟಿಗೇ ಭುಜದ ಪಟ್ಟಿಯನ್ನು ನೆಲದವರೆಗೆ ಇಳಿಬಿಟ್ಟು ಕಟ್ಟುವವರನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ.

ಇನ್ನು ಕುತ್ತಿಗೆಯ ಮಾತು. ಹಾರ್ನೆಸ್ ಮುಂಡವನ್ನು ಸೀಟಿಗೆ ಹಿಡಿದು ನಿಲ್ಲಿಸುತ್ತದೆ, ತಲೆಯನ್ನು ಯಾರೂ ಹಿಡಿದಿರುವುದಿಲ್ಲ. ತಲೆ ಮತ್ತು ಹೆಲ್ಮೆಟ್ ಸೇರಿ 6 ಕಿಲೋ ಎಂದುಕೊಂಡರೆ 23 ಜಿಯಲ್ಲಿ ಅದು ಸುಮಾರು 140 ಕಿಲೋ ಭಾರವಾಗಿ ಕುತ್ತಿಗೆಯನ್ನು ಮುಂದಕ್ಕೆ ಜಗ್ಗುತ್ತದೆ. ಮೂರು ಬಿಂದುವಿನ ಸಾಮಾನ್ಯ ಬೆಲ್ಟಿನಲ್ಲಿ ಎದೆಯೂ ತಲೆಯ ಜೊತೆ ಕೊಂಚ ಮುಂದೆ ಬಾಗುವುದರಿಂದ ಕುತ್ತಿಗೆಗೆ ಅಷ್ಟು ಬಿಡುವು ಸಿಗುತ್ತದೆ. ಹಾರ್ನೆಸ್ ಆ ಬಿಡುವನ್ನು ಕಿತ್ತುಕೊಳ್ಳುತ್ತದೆ. ಬಲ ಮಿತಿಮೀರಿದರೆ ತಲೆಬುರುಡೆಯ ತಳವೇ ಸೀಳುತ್ತದೆ. 1994ರಲ್ಲಿ ಇಮೋಲಾದಲ್ಲಿ ಫಾರ್ಮುಲಾ ಒನ್ ಚಾಲಕ ರೋಲಾಂಡ್ ರಾಟ್ಸೆನ್‌ಬರ್ಗರ್ ತೀರಿಕೊಂಡದ್ದು ಹೀಗೆ. 2000ದಲ್ಲಿ ಒಂದೇ ವರ್ಷ ಆ್ಯಡಮ್ ಪೆಟ್ಟಿ, ಕೆನ್ನಿ ಅರ್ವಿನ್, ಟೋನಿ ರೋಪರ್ ಎಂಬ ಮೂವರು ಚಾಲಕರು ಅಮೆರಿಕದ ನ್ಯಾಸ್ಕಾರ್ ಟ್ರ್ಯಾಕುಗಳಲ್ಲಾದ ಅಪಘಾತಗಳಿಂದ ಪ್ರಾಣ ಬಿಟ್ಟರು. 2001ರ ಫೆಬ್ರವರಿ 18ರಂದು ನ್ಯಾಸ್ಕಾರಿನ ಡೇಟೋನಾ ಓಟದ ಕೊನೆಯ ಸುತ್ತಿನಲ್ಲಿ ಚಾಲಕ ಡೇಲ್ ಅರ್ನ್‌ಹಾರ್ಟ್ ಗೋಡೆಗೆ ಬಡಿದು ಸತ್ತರು. ಅವರದೂ ಬುರುಡೆಯ ತಳದ ಬಿರುಕೇ. ಅವರ ಸೊಂಟದ ಎಡಪಟ್ಟಿ ಹರಿದಿತ್ತೆಂದು ತನಿಖೆ ಹೇಳಿತು. ಪಟ್ಟಿ ಹೊಂದಿಸುವ ಕೊಂಡಿಯ ಒಂದು ಮೂಲೆಗೆ ಮುದುರಿಕೊಂಡು, ಬಲವೆಲ್ಲ ಕೆಲವೇ ಎಳೆಗಳ ಮೇಲೆ ಬಿದ್ದಿತ್ತು.

ಪರಿಹಾರ ಇಲ್ಲದೆ ಆದ ಸಾವುಗಳಲ್ಲ ಇವು. ಅದು ನನ್ನನ್ನು ಹೆಚ್ಚು ಕಾಡುತ್ತದೆ. 1981ರಲ್ಲಿ ಪ್ಯಾಟ್ರಿಕ್ ಜಾಕ್‌ಮಾರ್ ಎಂಬ ಫ್ರೆಂಚ್ ಚಾಲಕ ಇದೇ ಗಾಯದಿಂದ ಸತ್ತಾಗ, ಅವರ ಗೆಳೆಯ ಜಿಮ್ ಡೌನಿಂಗ್ ತಮ್ಮ ಭಾವಮೈದುನ ರಾಬರ್ಟ್ ಹಬ್ಬರ್ಡ್ ಅವರ ಮುಂದೆ ಈ ಸಮಸ್ಯೆ ಇಟ್ಟರು. ಹಬ್ಬರ್ಡ್ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ದೇಹದ ಯಾಂತ್ರಿಕತೆ ಕಲಿಸುತ್ತಿದ್ದವರು. ಅವರಿಬ್ಬರು ರೂಪಿಸಿದ ಹಾನ್ಸ್ ಸಾಧನ ಭುಜದ ಮೇಲೆ ಕೂರುವ ಒಂದು ಗಟ್ಟಿ ಕೊರಳಪಟ್ಟಿ. ಭುಜದ ಬೆಲ್ಟುಗಳು ಅದನ್ನು ಒತ್ತಿ ಹಿಡಿಯುತ್ತವೆ, ಅದರಿಂದ ಹೊರಟ ಎರಡು ಗಿಡ್ಡ ಪಟ್ಟಿಗಳು ಹೆಲ್ಮೆಟ್ಟಿಗೆ ಸಿಕ್ಕಿಸಿಕೊಳ್ಳುತ್ತವೆ. ತಲೆಯ ಬಲ ಕುತ್ತಿಗೆಯನ್ನು ಬಳಸದೆ ನೇರ ಬೆಲ್ಟಿಗೆ ದಾಟುತ್ತದೆ. ವರ್ಷಗಟ್ಟಲೆ ಹೆಚ್ಚಿನ ಚಾಲಕರು ಇದನ್ನು ತೊಡಕು ಎಂದು ದೂರವಿಟ್ಟರು. ಅರ್ನ್‌ಹಾರ್ಟ್ ಕೂಡ ತೊಡುತ್ತಿರಲಿಲ್ಲ. 2001ರ ಅಕ್ಟೋಬರಿನಲ್ಲಿ ನ್ಯಾಸ್ಕಾರ್ ತಲೆ ಮತ್ತು ಕುತ್ತಿಗೆಯ ರಕ್ಷಣೆ ಕಡ್ಡಾಯ ಮಾಡಿತು, 2003ರಲ್ಲಿ ಫಾರ್ಮುಲಾ ಒನ್ ಹಾನ್ಸ್ ಕಡ್ಡಾಯ ಮಾಡಿತು.

ಹಾನ್ಸ್ ಕೆಲಸ ಮಾಡಲು ಎರಡೂ ಭುಜದ ಮೇಲೆ ಪಟ್ಟಿ ಬೇಕು. ಮೂರು ಬಿಂದುವಿನ ಬೆಲ್ಟಿನ ಜೊತೆ ಅದು ನಿಲ್ಲುವುದಿಲ್ಲ. ಹಾಗೆಯೇ ಹಾರ್ನೆಸ್ ಹಾಕಿದವರಿಗೆ ಹಾನ್ಸ್ ಅಥವಾ ಅದರ ಸರೀಕದ ಸಾಧನ ಇರಲೇಬೇಕು. ದುಡ್ಡು ಒಂದಕ್ಕೇ ಸಾಲುವುದಾದರೆ ಎರಡನ್ನೂ ಕೊಳ್ಳುವವರೆಗೆ ಕಾಯುವುದೇ ಮೇಲು.

ಪಟ್ಟಿಯಿಂದ ಬಲ ಕಾರಿಗೆ ಸೇರುವ ಜಾಗ ಮುಂದಿನದು. ಎಫ್‌ಐಎ ನಿಯಮದ ಪ್ರಕಾರ ಸೊಂಟ ಮತ್ತು ಭುಜದ ಒಂದೊಂದು ಬಿಂದುವೂ ಸುಮಾರು 1,500 ಕಿಲೋ ಎಳೆತ ತಾಳಬೇಕು, ತೊಡೆ ನಡುವಿನ ಪಟ್ಟಿಯದು ಅದರ ಅರ್ಧದಷ್ಟು. ತಗಡಿಗೆ ಬೋಲ್ಟ್ ಹಾಕುವುದಾದರೆ ಕನಿಷ್ಠ 40 ಚದರ ಸೆಂಟಿಮೀಟರ್ ವಿಸ್ತೀರ್ಣ, 3 ಮಿಲಿಮೀಟರ್ ದಪ್ಪದ ಉಕ್ಕಿನ ತಟ್ಟೆ ಹಿಂದೆ ಇರಬೇಕು. ಹಗುರ ಕಾರುಗಳ ನೆಲ ತೆಳು ಅಲ್ಯೂಮಿನಿಯಂ. ಬರೀ ವಾಷರ್ ಹಾಕಿ ಬಿಗಿದ ಬೋಲ್ಟು ಅದನ್ನು ಸೀಳಿಕೊಂಡು ಹೊರಬರುತ್ತದೆ. ಬಿಂದುಗಳು ಚಾಸಿಯ ಕೊಳವೆಗೇ ಬೆಸೆದಿರಬೇಕು. ಸೀಟಿಗೆ ಪಟ್ಟಿ ಕಟ್ಟುವುದನ್ನು ನಿಯಮ ಪೂರ್ತಿ ನಿಷೇಧಿಸಿದೆ. ಸೀಟೂ ಪಟ್ಟಿ ತೂರಲು ರಂಧ್ರಗಳಿರುವ ಗಟ್ಟಿ ಬಕೆಟ್ ಸೀಟೇ ಆಗಿರಬೇಕು.

ಮಜ್ದಾ ಎಂಎಕ್ಸ್-5ನಂಥ ಮಡಚುವ ಚಾವಣಿಯ ಕಾರನ್ನು ಟ್ರ್ಯಾಕಿಗೆ ಒಯ್ಯುವವರು ರೋಲ್ ಬಾರ್, ಅಂದರೆ ಕಾರು ಮಗುಚಿದಾಗ ತಲೆ ಕಾಯುವ ಗಟ್ಟಿ ಕಮಾನು, ಇಲ್ಲದೆ ಹಾರ್ನೆಸ್ ಹಾಕಲೇಬಾರದು. ಕಾರು ಮಗುಚಿದರೆ ಸಾಮಾನ್ಯ ಬೆಲ್ಟಿನಲ್ಲಿ ಮೈ ಪಕ್ಕಕ್ಕೆ ಬಾಗಲಾದರೂ ಆಗುತ್ತದೆ. ಹಾರ್ನೆಸ್ ಮಾತ್ರ ತಲೆಯನ್ನು ನೆಟ್ಟಗೆ ನೆಲಕ್ಕೆ ಒಡ್ಡುತ್ತದೆ. ರೋಲ್ ಬಾರಿನ ತುದಿಯಿಂದ ಮುಂಗಾಜಿನ ಚೌಕಟ್ಟಿನವರೆಗೆ ಒಂದು ಕೋಲು ಅಡ್ಡ ಇಟ್ಟು ನೋಡಿ. ಹೆಲ್ಮೆಟ್ ಅದಕ್ಕಿಂತ ಕೆಳಗೆ ಇರಬೇಕು, ಐದು ಸೆಂಟಿಮೀಟರ್ ಎಡೆ ಇರುವುದು ಒಳ್ಳೆಯದು.

ಪಟ್ಟಿಗೂ ಆಯುಷ್ಯ ಇದೆ. ಬಿಸಿಲಿನ ಅತಿನೇರಳೆ ಕಿರಣ ಎಳೆಗಳನ್ನು ಒಳಗೊಳಗೇ ಕೊಲ್ಲುತ್ತದೆ, ತೆರೆದ ಕಾರಿನಲ್ಲಂತೂ ಇನ್ನೂ ಬೇಗ. 8853-2016 ಮಾನದಂಡದ ಎಫ್‌ಐಎ ಪಟ್ಟಿಯ ಮೇಲೆ ಯಾವ ವರ್ಷದ ನಂತರ ಬಳಸಬಾರದು ಎಂದು ಅಚ್ಚಾಗಿರುತ್ತದೆ. ಅಮೆರಿಕದ ಎಸ್‌ಎಫ್‌ಐ ಮಾನದಂಡದ ಪಟ್ಟಿಗಳಿಗೆ ಎರಡು ವರ್ಷದ ಅವಧಿ. ಒಮ್ಮೆ ಜೋರು ಡಿಕ್ಕಿ ಕಂಡ ಪಟ್ಟಿ ಹಿಗ್ಗಿ ತನ್ನ ಕೆಲಸ ಮುಗಿಸಿರುತ್ತದೆ, ಅದನ್ನು ಎಸೆಯಬೇಕು. ಆನ್‌ಲೈನ್ ಅಂಗಡಿಗಳಲ್ಲಿ ಹೆಸರಾಂತ ಕಂಪನಿಗಳ ನಕಲಿ ಪಟ್ಟಿಗಳು ಧಾರಾಳವಾಗಿ ಸಿಗುತ್ತವೆ. ಮಾನದಂಡದ ಚೀಟಿ ಇಲ್ಲದ್ದನ್ನು ಅಲಂಕಾರಕ್ಕೂ ತರಬೇಡಿ.

ಬಿಗಿದ ಬೆಲ್ಟಿನಿಂದ ಹೊರಬರುವುದನ್ನೂ ಅಭ್ಯಾಸ ಮಾಡಬೇಕು. 2020ರ ನವೆಂಬರ್ 29ರಂದು ಬಹ್ರೇನಿನಲ್ಲಿ ಫಾರ್ಮುಲಾ ಒನ್ ಚಾಲಕ ರೊಮೈನ್ ಗ್ರೋಜಾನ್ ಗಂಟೆಗೆ 192 ಕಿಲೋಮೀಟರ್ ವೇಗದಲ್ಲಿ, 67 ಜಿ ಬಲದೊಂದಿಗೆ ಕಬ್ಬಿಣದ ಬೇಲಿಗೆ ಬಡಿದು, ಹೊತ್ತಿ ಉರಿವ ಕಾರಿನಿಂದ 27 ಸೆಕೆಂಡಿನಲ್ಲಿ ತಾವೇ ಹೊರಬಂದರು. ಹಾರ್ನೆಸ್, ಹಾನ್ಸ್, ಸೀಟು, ತಲೆಯ ಮೇಲಿನ ರಕ್ಷಣಾ ಚೌಕಟ್ಟಾದ ಹೇಲೋ ಎಲ್ಲವೂ ತಮ್ಮ ಪಾಲಿನ ಕೆಲಸ ಮಾಡಿದ್ದವು. ಹಾಗಾಗಿ ಅವರಿಗೆ ಎಚ್ಚರವಿತ್ತು, ಕೈ ಬಕಲ್ ತಿರುಗಿಸಿತು.

ಬೆಂಗಳೂರಿನಿಂದ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ತಮ್ಮ ಓಡಾಟದ ಕಾರನ್ನೇ ಒಯ್ಯುವ ಉತ್ಸಾಹಿಗಳು ಈಗ ಹಲವರಿದ್ದಾರೆ. ಅವರಲ್ಲಿ ನನ್ನದೊಂದು ಕೋರಿಕೆ. ವೋಲ್ವೋದ ನಿಲ್ಸ್ ಬೊಹ್ಲಿನ್ 1959ರಲ್ಲಿ ಕೊಟ್ಟ ಮೂರು ಬಿಂದುವಿನ ಬೆಲ್ಟನ್ನು ತಾತ್ಸಾರ ಮಾಡಬೇಡಿ. ಇಂದಿನ ಕಾರಿನಲ್ಲಿ ಅದು ಡಿಕ್ಕಿಯ ಕ್ಷಣದಲ್ಲಿ ತಾನೇ ಬಿಗಿದುಕೊಳ್ಳುತ್ತದೆ, ಎದೆಯ ಮೇಲೆ ಬಲ ಮಿತಿಮೀರಿದರೆ ಅಳತೆಯಿಂದ ಸಡಿಲುತ್ತದೆ, ಏರ್‌ಬ್ಯಾಗಿನೊಂದಿಗೆ ಹೊಂದಿಕೊಂಡು ಕೆಲಸ ಮಾಡುತ್ತದೆ. ಆರು ಬಿಂದುವಿನ ಹಾರ್ನೆಸ್, ಬಕೆಟ್ ಸೀಟು, ರೋಲ್ ಬಾರ್, ಹಾನ್ಸ್, ಚಾಸಿಗೆ ಬೆಸೆದ ಬಿಂದುಗಳು, ಇವೆಲ್ಲವನ್ನೂ ಒಟ್ಟಿಗೆ ಹಾಕಿಸುವ ಶಕ್ತಿ ಇದ್ದರೆ ಹಾಕಿಸಿ. ಇಲ್ಲದಿದ್ದರೆ ಕಾರಿನ ಜೊತೆ ಬಂದ ಬೆಲ್ಟನ್ನೇ ಕಟ್ಟಿಕೊಂಡು ಓಡಿಸಿ.