ಮರೀಚವೂ ವಿಜಯೆಯೂ

ಹುಬ್ಬಳ್ಳಿಯ ಕಡೆಯಿಂದ ಲೋಂಡಾ, ಕ್ಯಾಸಲ್‌ರಾಕ್‌ಗಳನ್ನು ದಾಟಿ, ಸಹ್ಯಾದ್ರಿಯ ಸುರಂಗಗಳಲ್ಲಿ ನುಸುಳಿ, ದೂಧಸಾಗರದ ಧಾರೆಯನ್ನು ಪಕ್ಕದಲ್ಲಿಯೇ ಕಂಡು ಗೋಮಂತಕಕ್ಕೆ ಇಳಿಯುವ ರೈಲುದಾರಿಯು 1888ರಷ್ಟು ಹಳೆಯದು. ಘಟ್ಟ ಮುಗಿದು ಬಯಲು ತೆರೆಯುವಲ್ಲಿ ಆ ದಾರಿಗೆ ಎದುರಾಗುವ ಊರು ಸಾವರ್ಡೆ. ಜುವಾರಿ ನದಿಯ ಸಮೀಪದಲ್ಲಿ ಕುಡಚಡೆಯೊಡನೆ ಅವಳಿಯಾಗಿ ಬೆಳೆದ ಈ ಪಟ್ಟಣವನ್ನು ಬಹುಕಾಲ ಪೋಷಿಸಿದುದು ಸುತ್ತಣ ಕಬ್ಬಿಣದ ಅದಿರು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಿಂದ ಗಣಿಗಳು ನಿಂತಾಗ, ಲಾರಿಗಳ ಕೆಂಪು ಧೂಳಿನಲ್ಲಿಯೇ ಅನ್ನ ಕಂಡುಕೊಂಡಿದ್ದವರು, ಕನ್ನಡ ನಾಡಿನಿಂದ ಕೂಲಿಗೆ ಬಂದು ನೆಲೆಸಿದವರೂ ಸೇರಿ, ಎಷ್ಟು ಕಂಗೆಟ್ಟರೆಂಬುದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಆದರೆ ಈ ಸೀಮೆಯಲ್ಲಿ ಅದಿರಿಗಿಂತ ಹಳೆಯದೊಂದು ಸಂಪತ್ತುಂಟು. ತೊರೆಯ ನೀರು ಹರಿಯುವ ತಗ್ಗುಗಳಲ್ಲಿ, ಕೊಂಕಣಿಗರು ಕುಳಾಗರವೆಂದು ಕರೆಯುವ ಅಡಕೆಯ ತೋಟಗಳಲ್ಲಿ, ಮರದ ಕಾಂಡವನ್ನು ತಬ್ಬಿ ಮೇಲೇರುವ ಕಾಳುಮೆಣಸಿನ ಬಳ್ಳಿಯೇ ಅದು.

ಆ ಬಳ್ಳಿಗೆ ನಮ್ಮ ಉತ್ತರ ಕನ್ನಡದ ತೋಟಿಗರೊಡನೆ ಇರುವ ಸಂಬಂಧ ಇಂದಿನದಲ್ಲ. ಗೇರುಸೊಪ್ಪೆಯಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದೇ ಕರೆದರು. ಆಕೆಯ ಸೀಮೆಯ ಕಾಳಿಗಾಗಿ ಅವರು ಪಟ್ಟ ಆಸೆಯೂ ಹೂಡಿದ ಕಲಹವೂ ಇತಿಹಾಸದಲ್ಲಿ ದಾಖಲಾಗಿವೆ. ಮೆಣಸಿಗಾಗಿ ಬಂದ ಆ ಜನರಲ್ಲಿಯೇ ಗಾರ್ಸಿಯಾ ದ ಓರ್ತಾ ಎಂಬ ವೈದ್ಯನೊಬ್ಬನಿದ್ದನು. ಅವನು 1563ರಲ್ಲಿ ಗೋವೆಯಲ್ಲಿಯೇ ಅಚ್ಚು ಹಾಕಿಸಿದ ಔಷಧದ್ರವ್ಯಗಳ ಸಂವಾದಗ್ರಂಥದಲ್ಲಿ ಮೆಣಸಿಗೊಂದು ಅಧ್ಯಾಯವಿರುವಂತೆ ಭಂಗಿಗೂ ಒಂದು ಅಧ್ಯಾಯವಿದೆ. ಭಂಗಿ ಸೇವಿಸಿದ ಆಳುಗಳು ತಮಗೆ ದುಡಿಮೆಯ ದಣಿವು ತೋರುವುದಿಲ್ಲವೆಂದೂ ಮನಸ್ಸು ಉಲ್ಲಸಿತವಾಗಿ ಹಸಿವು ಹೆಚ್ಚುವುದೆಂದೂ ಹೇಳಿದುದನ್ನು ಅವನು ಬರೆದಿಟ್ಟಿದ್ದಾನೆ. ಗುಜರಾತಿನ ಸುಲ್ತಾನ ಬಹಾದೂರ ಷಹನಂತೂ ತನಗೆ ರಾತ್ರಿಯ ವೇಳೆ ಪೋರ್ಚುಗಲ್ಲು, ತುರ್ಕಿ, ಅರೇಬಿಯಾಗಳಿಗೆ ಹೋಗಬೇಕೆನಿಸಿದರೆ ಒಂದಿಷ್ಟು ಭಂಗಿ ತಿಂದರೆ ಸಾಕೆಂದನಂತೆ. ಹಡಗಿನ ಖರ್ಚಿಲ್ಲದ ಯಾನ!

ನಮ್ಮ ವೈದ್ಯರಾದರೋ ಈ ಎರಡು ದ್ರವ್ಯಗಳನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ ಇರಿಸಿ ತೃಪ್ತರಾದವರಲ್ಲ. ಆಯುರ್ವೇದದಲ್ಲಿ ವಿಜಯೆಯೆಂಬ ಹೆಸರು ಪಡೆದ ಭಂಗಿಯು ಶಾರ್ಙ್ಗಧರ ಸಂಹಿತೆಯ ಜಾತೀಫಲಾದಿ ಚೂರ್ಣದಲ್ಲಿ ಶುಂಠಿ, ಹಿಪ್ಪಲಿ, ಮರೀಚವೆಂಬ ಕಾಳುಮೆಣಸು ಇವು ಮೂರೂ ಸೇರಿದ ತ್ರಿಕಟುವಿನ ಸಹವಾಸದಲ್ಲಿಯೇ ಕಾಣಿಸಿಕೊಳ್ಳುತ್ತದೆ. ಉತ್ತರ ದೇಶದಲ್ಲಿ ಶಿವರಾತ್ರಿಗೂ ಹೋಳಿಗೂ ಅರೆಯುವ ಭಂಗಿಯಲ್ಲಿ ಕಾಳುಮೆಣಸು ಬೀಳುವುದು ತಲೆಮಾರುಗಳ ರೂಢಿ. ಈ ಜೋಡಣೆಯೇ ಇಂದು ಹೊಸ ವೇಷ ತೊಟ್ಟು ಪೇಟೆಗೆ ಬಂದಿದೆ. ಗಾಂಜಾ ಸೇವಿಸಿ ಎದೆ ಹೊಡೆದುಕೊಂಡು, ಯಾರೋ ತನ್ನ ಬೆನ್ನು ಹತ್ತಿದ್ದಾರೆಂದು ಬೆವರುವವನು ನಾಲ್ಕು ಕಾಳುಮೆಣಸು ಅಗಿದರೆ ತಹಬಂದಿಗೆ ಬರುವನೆಂಬ ನಂಬಿಕೆ ದೇಶಾಂತರಗಳಲ್ಲಿ ಪ್ರಚಲಿತವಾಗಿದ್ದು, ಕೆನಡಾ ಮೂಲದ ಗಾಯಕ ನೀಲ್ ಯಂಗ್ 2014ರಲ್ಲಿ ರೇಡಿಯೋ ಸಂದರ್ಶನವೊಂದರಲ್ಲಿ ಇದನ್ನೇ ಉಪದೇಶಿಸಿದ ಮೇಲೆ ಇನ್ನಷ್ಟು ಹಬ್ಬಿತು. ಅಗಿಯುವ ಉರಿಯೇಕೆ, ಸಾರವನ್ನೇ ಮಾತ್ರೆಯಾಗಿ ನುಂಗಿರೆಂದು ಮಾರುವವರು ಅದರ ಹಿಂದೆಯೇ ಬಂದರು. ನನ್ನ ತಕರಾರು ಇರುವುದು ಇಲ್ಲಿ.

ಒಣಗಿದ ಕಾಳೊಂದನ್ನು ಕಲ್ಲಿನ ಮೇಲಿಟ್ಟು ಒಡೆದು ನೋಡಬೇಕು. ಮೊದಲು ಮೂಗಿಗೆ ಬರುವುದು ಘಮ. ನಾಲಿಗೆಗಿಟ್ಟ ಮೇಲೆ, ತುಸು ತಡೆದು, ಹತ್ತುವುದು ಖಾರ. ಇವೆರಡೂ ಒಂದೇ ವಸ್ತುವಿನ ಗುಣಗಳಲ್ಲ. ಘಮವು ಗಾಳಿಗೆ ಹಾರಿಹೋಗುವ ತೈಲದ್ದು. ಆ ತೈಲದಲ್ಲಿ ಕ್ಯಾರಿಯೋಫಿಲೀನ್, ಲಿಮೋನೀನ್, ಪೈನೀನ್ ಮೊದಲಾದವು ಇವೆ, ಮತ್ತು ವಿಚಿತ್ರವೆಂದರೆ ಇವೇ ಗಾಂಜಾ ಗಿಡದ ಪರಿಮಳದಲ್ಲಿಯೂ ಇವೆ. ಖಾರವಾದರೋ ಡೆನ್ಮಾರ್ಕಿನ ವಿಜ್ಞಾನಿ ಅರ್ಸ್ಟೆಡ್ 1819ರಲ್ಲಿ ಬೇರ್ಪಡಿಸಿದ ಪೈಪರೀನ್ ಎಂಬ, ವಾಸನೆಯಿಲ್ಲದ ಹರಳಿನದು.

ಮೆಣಸಿನಿಂದ ಮನಸ್ಸು ಶಾಂತವಾಗುವುದೆಂಬ ವಾದಕ್ಕೆ ವಿಜ್ಞಾನದಲ್ಲಿ ಆಧಾರವೇನಾದರೂ ಇದ್ದರೆ ಅದು ಘಮದ ಪಕ್ಷದಲ್ಲಿದೆ. ಗಾಂಜಾದ ಅಮಲಿಗೆ ಕಾರಣವಾದ ಟಿಎಚ್‌ಸಿ ಎಂಬ ಸತ್ತ್ವವು ಮಿದುಳಿನಲ್ಲಿ ಸಿಬಿ1 ಎಂಬ ಗ್ರಾಹಕವನ್ನು ಹಿಡಿಯುತ್ತದೆ. ಕ್ಯಾರಿಯೋಫಿಲೀನ್ ಅದನ್ನು ಬಿಟ್ಟು, ಬಹುಮಟ್ಟಿಗೆ ರೋಗನಿರೋಧಕ ಕಣಗಳಲ್ಲಿರುವ ಸಿಬಿ2 ಎಂಬುದನ್ನು ಮಾತ್ರ ಹಿಡಿಯುವುದೆಂದು ಯೂರ್ಗ್ ಗೆರ್ಟ್ಷ್ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದರು. ಈಥನ್ ರುಸ್ಸೊ ಎಂಬ ವೈದ್ಯರು 2011ರ ತಮ್ಮ ಸಮೀಕ್ಷೆಯಲ್ಲಿ ಮೆಣಸು, ನಿಂಬೆಗಳಂಥ ಹಳೆಯ ಪ್ರತ್ಯೌಷಧಗಳನ್ನು ಈ ಸುಗಂಧದ್ರವ್ಯಗಳ ದೃಷ್ಟಿಯಿಂದ ವಿಚಾರಿಸಿದರು. 2024ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯವರು 20 ಮಂದಿಯ ಮೇಲೆ ನಡೆಸಿದ ಪ್ರಯೋಗದಲ್ಲಿ, ಟಿಎಚ್‌ಸಿಯೊಡನೆ ಲಿಮೋನೀನನ್ನೂ ಆವಿಯಾಗಿ ಸೇವಿಸಿದಾಗ ಕಳವಳವು ತಗ್ಗಿತು. ಇದು ಶುದ್ಧ ಲಿಮೋನೀನಿನ ಮಾತೇ ಹೊರತು ನಾಲ್ಕು ಕಾಳಿನ ಮಾತಲ್ಲ, ನಿಜ. ಆದರೂ ದಿಕ್ಕು ಯಾವುದೆಂಬುದು ತಿಳಿಯುತ್ತದೆ. ಬಾಯಿಯೊಳಗಿನ ಖಾರದಿಂದ ಅಂಜಿದವನ ಚಿತ್ತವು ಭಯವನ್ನು ಬಿಟ್ಟು ನಾಲಿಗೆಯ ಕಡೆಗೆ ಹರಿಯುವುದೂ ಒಂದು ಉಪಶಮನವೇ ಇರಬಹುದು. ಅಜ್ಜಿಯರ ವೈದ್ಯದಲ್ಲಿ ಅರ್ಧ ಇಂಥದೇ.

ಮಾತ್ರೆಯಲ್ಲಿರುವುದು ಏನು? ಪೇಟೆಯ ಮೆಣಸಿನ ಸಾರವೆಂದರೆ ಸಾಮಾನ್ಯವಾಗಿ ಶೇಕಡಾ 95ರಷ್ಟು ಪೈಪರೀನ್. ಘಮ ಹೋಗಿದೆ, ಖಾರ ಉಳಿದಿದೆ. ಈ ಪೈಪರೀನಿನ ಪ್ರಸಿದ್ಧಿಯೂ ಶಾಂತಿಗಾಗಿ ಬಂದುದಲ್ಲ. ತ್ರಿಕಟುವನ್ನು ನಮ್ಮವರು ಅಷ್ಟೊಂದು ಔಷಧಗಳಿಗೆ ಏಕೆ ಬೆರೆಸಿದರೆಂಬ ಪ್ರಶ್ನೆಯನ್ನು ಜಮ್ಮುವಿನ ಪ್ರಯೋಗಾಲಯದಲ್ಲಿ ಸಿ. ಕೆ. ಅಟಲ್ ಮತ್ತು ಅವರ ಸಂಗಡಿಗರು ಕೈಗೆತ್ತಿಕೊಂಡು, ಬೇರೆ ಔಷಧಗಳು ರಕ್ತಕ್ಕೆ ಹೆಚ್ಚಾಗಿ ಸೇರುವಂತೆ ಮಾಡುವ ಶಕ್ತಿ ಇದಕ್ಕಿದೆಯೆಂದು ಕಂಡರು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಿಂದ 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 2 ಗ್ರಾಂ ಅರಿಸಿನದ ಸತ್ತ್ವದೊಡನೆ ಬರಿಯ 20 ಮಿಲಿಗ್ರಾಂ ಪೈಪರೀನ್ ಕೊಟ್ಟಾಗ ಆ ಸತ್ತ್ವದ ಲಭ್ಯತೆಯು ಮನುಷ್ಯರಲ್ಲಿ ಶೇಕಡಾ 2000ದಷ್ಟು ಅಧಿಕವಾಯಿತು. ಏಳೆಂಟು ಕಾಳಿನಲ್ಲಿ ಇರಬಹುದಾದಷ್ಟೇ ಪ್ರಮಾಣವದು! 2009ರಲ್ಲಿ ನಮ್ಮ ದೇಶದಲ್ಲಿಯೇ, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಔಷಧವನ್ನು ಪೈಪರೀನಿನೊಡನೆ ಸೇರಿಸಿ, 450 ಮಿಲಿಗ್ರಾಂ ಬೇಕಾದಲ್ಲಿ 200ಕ್ಕೇ ಇಳಿಸಿದ ಗುಳಿಗೆ ಮಾರುಕಟ್ಟೆಗೆ ಬಂದಿತು. ಕಾರಣ ಸರಳ: ಹೊರಗಿನ ದ್ರವ್ಯಗಳನ್ನು ಕರುಳಿನಿಂದ ಹಿಂದಕ್ಕೆ ತಳ್ಳುವ, ಯಕೃತ್ತಿನಲ್ಲಿ ಮುರಿದುಹಾಕುವ ಪಹರೆಯವರನ್ನು ಪೈಪರೀನ್ ಕೆಲಕಾಲ ನಿದ್ರೆಗೆ ಕಳುಹಿಸುತ್ತದೆ.

ಟಿಎಚ್‌ಸಿಯನ್ನು ಮುರಿಯುವವರಲ್ಲಿಯೂ ಇದೇ ಪಹರೆಯವರಿದ್ದಾರೆ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಸಂಶೋಧಕರು ಗಾಂಜಾದ ಸತ್ತ್ವಗಳು ಹೊಟ್ಟೆಯಿಂದ ರಕ್ತಕ್ಕೆ ಹೆಚ್ಚು ಸೇರುವಂತೆ ಮಾಡಲು ಪೈಪರೀನನ್ನೇ ಬೆರೆಸಿ, ಇಲಿಗಳಲ್ಲಿಯೂ ಬಳಿಕ ಮನುಷ್ಯರಲ್ಲಿಯೂ ಫಲ ಕಂಡಿದ್ದಾರೆ. ಎಂದಮೇಲೆ, ಅಮಲು ಮಿತಿಮೀರೀತೆಂದು ಹೆದರಿ ಮುಂಜಾಗ್ರತೆಗಾಗಿ ಸಾರದ ಮಾತ್ರೆ ನುಂಗಿ ಭಂಗಿಯ ಉಂಡೆ ತಿನ್ನುವವನು, ಇಳಿಸಬೇಕಾದುದನ್ನು ಏರಿಸಿಕೊಳ್ಳುವ ಸಂಭವವೇ ಹೆಚ್ಚು. ಸೇದಿದ ಹೊಗೆಯು ಶ್ವಾಸಕೋಶದಿಂದ ನೇರವಾಗಿ ರಕ್ತಕ್ಕೆ ಹೋಗುವುದರಿಂದ ಅಲ್ಲಿ ಈ ವ್ಯತ್ಯಾಸ ಕಡಿಮೆ. ತಿಂದದ್ದು, ಕುಡಿದದ್ದು ಕರುಳು ಯಕೃತ್ತುಗಳನ್ನು ಹಾದೇ ಬರಬೇಕು, ಏರಲು ಒಂದೆರಡು ಗಂಟೆ ಹಿಡಿಯುವುದೂ ಉಂಟು, ಏರಲಿಲ್ಲವೆಂದು ಮತ್ತೊಂದು ಉಂಡೆ ತಿಂದು ಕೆಟ್ಟವರೂ ಬಹಳ. ಹಳಬರು ಭಂಗಿಗೆ ಮೆಣಸು ಅರೆದು ಹಾಕಿದುದು ಅದರ ಕಾವನ್ನು ತಗ್ಗಿಸಲೆಂದು ನಾವು ಸುಲಭವಾಗಿ ಭಾವಿಸುತ್ತೇವೆ. ಹೆಚ್ಚಿಸಲೆಂದೇ ಹಾಕಿದ್ದರೆ ಆಶ್ಚರ್ಯವಿಲ್ಲ.

ಕಾನೂನಿನ ಮಾತನ್ನು ಇಷ್ಟರಲ್ಲಿಯೇ ಮುಗಿಸಬಹುದು: 1985ರ ಮಾದಕದ್ರವ್ಯ ಕಾಯಿದೆಯು ಗಿಡದ ಹೂತೆನೆಯನ್ನೂ ಅಂಟನ್ನೂ ನಿಷೇಧಿಸಿ, ತೆನೆಯೊಡನಿಲ್ಲದ ಎಲೆ ಬೀಜಗಳನ್ನು ಗಾಂಜಾದ ವ್ಯಾಖ್ಯೆಯಿಂದ ಹೊರಗಿಟ್ಟಿದೆ, ಕಡಲತೀರದಲ್ಲಿ ವಿದೇಶೀಯರು ಬಹಿರಂಗವಾಗಿ ಸೇದಿದ ಕಾಲದ ಕಥೆಗಳನ್ನು ಕೇಳಿ ಗೋವೆಯಲ್ಲಿ ಬೇರೆಯೇ ನ್ಯಾಯವಿದೆಯೆಂದು ಭ್ರಮಿಸುವ ನಮ್ಮ ಹುಡುಗರಿಗೆ ಅಲ್ಲಿಯೂ ಇದೇ ಕಾಯಿದೆ.

ಸಾರಿಗೆ, ಕಷಾಯಕ್ಕೆ ಹಾಕುವ ಮೆಣಸಿನ ಬಗೆಗೆ ಯಾರೂ ಅಂಜಬೇಕಾಗಿಲ್ಲ. ಆದರೆ ಮೂರ್ಛೆರೋಗಕ್ಕೆ ಫೆನಿಟಾಯಿನ್, ರಕ್ತದೊತ್ತಡಕ್ಕೆ ಪ್ರೊಪ್ರನೊಲೊಲ್, ಉಬ್ಬಸಕ್ಕೆ ಥಿಯೋಫಿಲಿನ್ ಸೇವಿಸುತ್ತಿರುವವರ ರಕ್ತದಲ್ಲಿ ಆ ಔಷಧಗಳ ಮಟ್ಟವನ್ನು ಪೈಪರೀನ್ ಏರಿಸಬಲ್ಲುದಾದ್ದರಿಂದ, ಅಂಥವರು ವೈದ್ಯರನ್ನು ಕೇಳದೆ ಸಾರದ ಮಾತ್ರೆಯನ್ನು ಮುಟ್ಟಕೂಡದು. ಅಮಲಿನಿಂದ ಹೆದರಿ ನಡುಗುವವನೊಬ್ಬನು ಮನೆಯಲ್ಲಿದ್ದರೆ ಅವನನ್ನು ಒಂಟಿಯಾಗಿ ಬಿಡದೆ, ಸದ್ದಿಲ್ಲದ ಕಡೆ ಕೂರಿಸಿ, ನೀರು ಕೊಟ್ಟು, ಜೊತೆಗಿರಿ. ಎದೆ ನೋವೋ ಪ್ರಜ್ಞೆ ತಪ್ಪುವುದೋ ಕಂಡರೆ, ಏನು ತಿಂದನೆಂಬುದನ್ನು ಮುಚ್ಚಿಡದೆ ಹೇಳಿ, ತಡಮಾಡದೆ ಆಸ್ಪತ್ರೆಗೆ ಸೇರಿಸಿ.