ಅಕ್ಷರಗುಂಡು

ರಜೆಯಲ್ಲಿ ಕೊಂಡ್ಲಹಳ್ಳಿಗೆ ಬಂದಿದ್ದ ಮೊಮ್ಮಕ್ಕಳು ಒಂದು ದಿನ ಪ್ರವಾಸ ಹೋಗಬೇಕೆಂದು ಹಟ ಹಿಡಿದರು. ಹಂಪೆ, ಚಿತ್ರದುರ್ಗಗಳ ಹೆಸರು ಅವರ ಬಾಯಲ್ಲಿತ್ತು. ನಾನು ಬ್ರಹ್ಮಗಿರಿ ಎಂದೆ. ಅದು ನಮ್ಮ ಮೊಳಕಾಲ್ಮೂರು ತಾಲ್ಲೂಕಿನಲ್ಲಿಯೇ ಇದೆಯೆಂದು ತಿಳಿದೊಡನೆ ಅವರ ಉತ್ಸಾಹ ಅರ್ಧಕ್ಕೆ ಇಳಿಯಿತು. ಹತ್ತಿರದಲ್ಲಿರುವುದು ನೋಡತಕ್ಕದ್ದಲ್ಲವೆಂಬ ಭಾವನೆ ಹಿರಿಯರಲ್ಲಿಯೂ ಉಂಟು. ಮಕ್ಕಳನ್ನಷ್ಟೇ ದೂರುವುದು ನ್ಯಾಯವಲ್ಲ.

ಬುತ್ತಿ ಕಟ್ಟಿಕೊಂಡು ಎಲ್ಲರೂ ಒಂದೇ ವಾಹನದಲ್ಲಿ ಹೊರಟೆವು. ದಾರಿಯುದ್ದಕ್ಕೂ ಶೇಂಗಾ ಹೊಲಗಳು, ಜಾಲಿಯ ಗಿಡಗಳು, ಯಾರೋ ಒಂದರ ಮೇಲೊಂದು ಪೇರಿಸಿಟ್ಟಂತೆ ತೋರುವ ಕರಿಬಂಡೆಗಳು. ಅಶೋಕ ಸಿದ್ದಾಪುರದ ಬಳಿ ಇಳಿದು ಬ್ರಹ್ಮಗಿರಿಯ ಬುಡಕ್ಕೆ ನಡೆದೆವು. ರಕ್ಷಣೆಗಾಗಿ ಕಟ್ಟಿದ ಸೂರಿನ ಕೆಳಗೆ ಒಂದು ದೊಡ್ಡ ಬಂಡೆ. ಅದರ ಮೇಲೆ ಹದಿಮೂರು ಸಾಲು ಬರಹ.

“ಇಷ್ಟೇಯೇ ತಾತ?” ಎಂದಳು ಹಿರಿಯ ಮೊಮ್ಮಗಳು. ಅವಳು ಅಮೆರಿಕದಲ್ಲಿ ಬೆಳೆದವಳು. ಇಂಗ್ಲಿಷರು 1607ರಲ್ಲಿ ನೆಲೆಯೂರಿದ ವರ್ಜೀನಿಯಾದ ಜೇಮ್ಸ್‌ಟೌನನ್ನು ತಂದೆತಾಯಿಗಳೊಡನೆ ಕಾರಿನಲ್ಲಿ ಹೋಗಿ ನೋಡಿಬಂದವಳು. ಅಲ್ಲಿ ಹಳೆಯ ಕೋಟೆಯ, ಹಡಗುಗಳ ಪ್ರತಿರೂಪಗಳನ್ನು ಕಟ್ಟಿ ನಿಲ್ಲಿಸಿದ್ದಾರೆ. ಅಂದಿನ ಉಡುಪು ತೊಟ್ಟವರು ಬಂದವರಿಗೆ ಎಲ್ಲವನ್ನೂ ವಿವರಿಸುತ್ತಾರೆ. ಬ್ರಹ್ಮಗಿರಿಯಲ್ಲಿ ಹಾಗೆ ಎದುರುಗೊಳ್ಳುವವರು ಯಾರೂ ಇರಲಿಲ್ಲ. ಇಲ್ಲಿ ಮಾತನಾಡಬೇಕಾದದ್ದು ಬಂಡೆಯೇ. ಅದರ ಮಾತು ನಮಗೆ ತಿಳಿದಿರಬೇಕು, ಅಷ್ಟೆ.

ಊರವರು ಇದನ್ನು ಅಕ್ಷರಗುಂಡು ಎಂದು ಕರೆಯುತ್ತ ಬಂದಿದ್ದರು. ಏನು ಬರೆದಿದೆಯೆಂಬುದು ಮರೆತುಹೋಗಿದ್ದರೂ ಬರೆದಿದೆಯೆಂಬುದನ್ನು ಅವರು ಮರೆತಿರಲಿಲ್ಲ. ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸುತ್ತಿದ್ದ ಬಿ. ಎಲ್. ರೈಸ್ ಅವರು 1892ರಲ್ಲಿ ಇದನ್ನೂ, ಸಮೀಪದ ಸಿದ್ದಾಪುರ ಹಾಗೂ ಜಟಿಂಗ ರಾಮೇಶ್ವರ ಬೆಟ್ಟದ ಬರಹಗಳನ್ನೂ ಬೆಳಕಿಗೆ ತಂದರು. ಮೂರೂ ಮೌರ್ಯ ಚಕ್ರವರ್ತಿ ಅಶೋಕನ ಶಾಸನಗಳು. ಕ್ರಿಸ್ತಪೂರ್ವ ಮೂರನೆಯ ಶತಮಾನದವು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ.

ಶಾಸನದ ಆರಂಭ ಒಂದು ಕಾಗದದಂತಿದೆ. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಅಲ್ಲಿನ ಮಹಾಮಾತ್ರರೂ, ಅಂದರೆ ಹಿರಿಯ ಅಧಿಕಾರಿಗಳೂ, ಇಸಿಲದ ಮಹಾಮಾತ್ರರಿಗೆ ಬರೆಯುತ್ತಾರೆ. ಮೊದಲು ವಿಚಾರಿಸುವುದು ಆರೋಗ್ಯವನ್ನು. ಆ ಪದವೇ ಅಲ್ಲಿದೆ. ಬಳಿಕ ಅಶೋಕನ ಸಂದೇಶ. ದೊಡ್ಡವರು ಮಾತ್ರವಲ್ಲ, ಸಾಮಾನ್ಯರೂ ಪ್ರಯತ್ನದಿಂದ ಸ್ವರ್ಗವನ್ನು ಪಡೆಯಬಲ್ಲರೆಂದು ಅವನು ಸಾರುತ್ತಾನೆ. ತಾಯಿತಂದೆಗಳ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯ, ಶಿಷ್ಯನು ಗುರುವಿಗೆ ತೋರಬೇಕಾದ ಗೌರವ ಇವೆಲ್ಲ ಹಿಂದಿನಿಂದ ಬಂದ ನಡತೆಯೆಂದು ಶಾಸನ ಹೇಳುತ್ತದೆ.

ಇಸಿಲವೆಂಬ ಊರು ಇಲ್ಲಿಯೇ ಇದ್ದಿತೆಂದು ವಿದ್ವಾಂಸರು ತಿಳಿಯುತ್ತಾರೆ. ಆ ಹೆಸರು ಕೋಟೆಯೆಂಬ ಅರ್ಥದ ಕನ್ನಡ ಪದವೆಂದು ಡಿ. ಎಲ್. ನರಸಿಂಹಾಚಾರ್ಯರು ಅಭಿಪ್ರಾಯಪಟ್ಟಿದ್ದರು. ಅದು ನಿಜವಾದರೆ ಚಕ್ರವರ್ತಿಯ ಪ್ರಾಕೃತದ ನಡುವೆ ನಮ್ಮ ನುಡಿಯೊಂದು ಆಗಲೇ ಕಲ್ಲಿಗೆ ಏರಿತ್ತು.

ಬರಹದಲ್ಲಿ 256 ಎಂಬ ಸಂಖ್ಯೆಯೂ ಇದೆ. ಅದು ಅಶೋಕನು ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕವೆಂಬುದು ಹಲವು ವಿದ್ವಾಂಸರ ಮತ. ಒಂದು ಹಗಲಿನ ಸುತ್ತಾಟಕ್ಕೆ ಬುತ್ತಿ, ನೀರು, ಕೊಡೆಗಳನ್ನೆಲ್ಲ ಹೊತ್ತು ತಂದಿದ್ದ ನಾವು ಅದನ್ನು ಕೇಳಿ ನಕ್ಕೆವು.

ಆದರೆ ನನಗೆ ಅಚ್ಚುಮೆಚ್ಚಿನವನು ಚಕ್ರವರ್ತಿಯಲ್ಲ, ಲಿಪಿಕಾರ. ಕೊನೆಯಲ್ಲಿ ಬರೆದವನು ಚಪಡ ಎಂದಿದೆ. ತಾನು ಲಿಪಿಕಾರನೆಂಬುದನ್ನು ಮಾತ್ರ ಅವನು ಬ್ರಾಹ್ಮಿಯಲ್ಲಿ ಬರೆಯದೆ ಖರೋಷ್ಠಿಯಲ್ಲಿ ಬರೆದಿದ್ದಾನೆ. ಬಲದಿಂದ ಎಡಕ್ಕೆ ಸಾಗುವ ಆ ಲಿಪಿ ಬಳಕೆಯಲ್ಲಿದ್ದುದು ಗಾಂಧಾರದ ಕಡೆ, ಭಾರತದ ವಾಯವ್ಯದ ಅಂಚಿನಲ್ಲಿ. ಅವನು ಅಲ್ಲಿಂದ ಬಂದವನೋ, ಅಲ್ಲಿ ಕಲಿತವನೋ, ಈ ಕುರುಚಲು ಕಾಡಿನ ನಾಡಿನಲ್ಲಿ ಕುಳಿತು ಆ ಒಂದು ಪದವನ್ನು ದೂರದ ಲಿಪಿಯಲ್ಲಿ ಕೊರೆದನು. ಓದಬಲ್ಲವರು ಇಲ್ಲಿ ಯಾರಿದ್ದರು?

ಬೆಟ್ಟದ ಬುಡದ ಹೊಲಗಳಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದರು. ಕೆಳಗಿನ ಪದರದಲ್ಲಿ ನಯಗೊಳಿಸಿದ ಕಲ್ಲಿನ ಕೊಡಲಿಗಳೂ, ಮಡಕೆಯಲ್ಲಿಟ್ಟು ಹೂಳಿದ ಎಳೆಯ ಮಕ್ಕಳ ಎಲುಬುಗಳೂ ದೊರೆತವು. ಅದರ ಮೇಲಿನದು ಕಬ್ಬಿಣ ಬಳಸುತ್ತ ದೊಡ್ಡ ಕಲ್ಲುಗಳಿಂದ ಸಮಾಧಿ ಕಟ್ಟಿದವರ ಕಾಲ. ಅದಕ್ಕೂ ಮೇಲೆ ಶಾತವಾಹನರ ಕಾಲದ ಮಡಕೆಗಳು. ಅಶೋಕನ ಅಪ್ಪಣೆ ಬಂದದ್ದು ಬರಿದಾದ ಕಾಡಿಗಲ್ಲ, ಜನ ಬಾಳಿ ಬದುಕಿದ ನೆಲಕ್ಕೆ.

ಮಧ್ಯಾಹ್ನದ ಬಳಿಕ ಜಟಿಂಗ ರಾಮೇಶ್ವರ ಬೆಟ್ಟವನ್ನೇರಿದೆವು. ರಾವಣನೊಡನೆ ಹೋರಾಡಿ ಜಟಾಯು ಬಿದ್ದದ್ದು ಇಲ್ಲಿಯೇ ಎಂದು ಜನ ನಂಬುತ್ತಾರೆ. ಇಲ್ಲಿನ ಶಾಸನ ಬಹಳ ಸವೆದಿದೆ. ಜಾತ್ರೆಯಲ್ಲಿ ಬಳೆಗಾರರು ಆ ಬಂಡೆಯ ಮೇಲೆ ಅಂಗಡಿ ಹೂಡುತ್ತಿದ್ದುದರಿಂದ ಅದಕ್ಕೆ ಬಳೆಗಾರ ಗುಂಡು ಎಂದು ಹೆಸರು. ಎಷ್ಟು ಜನರ ಪಾದಗಳು ಆ ಅಕ್ಷರಗಳ ಮೇಲೆ ಹಾದುಹೋದವೋ! ಬಳೆಗಾರರನ್ನು ಬೈಯುವಂತಿಲ್ಲ, ಅವರಿಗೆ ಬೇಕಾಗಿದ್ದುದು ಸಮತಟ್ಟಾದ ಕಲ್ಲು. ಅಳಿದ ಭಾಗದಲ್ಲಿ ಏನಿತ್ತೆಂಬುದನ್ನು ಬ್ರಹ್ಮಗಿರಿ, ಸಿದ್ದಾಪುರಗಳ ಪಾಠಗಳೊಡನೆ ಹೋಲಿಸಿ ಊಹಿಸಬೇಕು. ಒಂದೇ ಮಾತನ್ನು ಮೂರು ಕಡೆ ಬರೆಸಿದ್ದು ನಮ್ಮ ಪುಣ್ಯ.

ಬ್ರಾಹ್ಮಿಯ ‘ಕ’ ಗಣಿತದಲ್ಲಿ ಕೂಡಿಸುವ ಚಿಹ್ನೆಯಂತಿರುತ್ತದೆ ಎಂದು ಬೆಳಿಗ್ಗೆ ಹೇಳಿಕೊಟ್ಟಿದ್ದೆ. ಇಳಿಯುವ ಹೊತ್ತಾಯಿತೆಂದು ಕರೆದರೆ ಹಿರಿಯ ಮೊಮ್ಮಗಳು ಬರಲೊಲ್ಲಳು. ಚಪ್ಪಲಿಯನ್ನು ಕಳಚಿ ದೂರವಿಟ್ಟು, ಬಂಡೆಯ ಬದಿಯಲ್ಲಿ ಬಗ್ಗಿ, ಆ ಸವೆದ ಗೆರೆಗಳಲ್ಲಿ ಒಂದಾದರೂ ‘ಕ’ ಸಿಕ್ಕೀತೇ ಎಂದು ಹುಡುಕುತ್ತಿದ್ದಳು.